ತಂತಿ ನಿಂತ ಹನ್ನೊಂದು ನಿಮಿಷ

ರೇಡಿಯೊ ನಿಲಯದ ಹಿಂದಿನ ಕೋಣೆ
ಭಾನುವಾರ, ಬೆಳಗಿನ ಹತ್ತು ಗಂಟೆ

ಏಳು ವರ್ಷದಿಂದ ಕಾಗದದ ಮೇಲೂ ಕರೆಯಲು ಧೈರ್ಯವಾಗದ ನನ್ನವಳಿಗೆ,

ನಿನ್ನ ಕಾರ್ಡು ಗುರುವಾರ ಬಂತು. 'ತಂತಿ ಕೆಟ್ಟುಹೋದರೆ ನೀವಾದರೂ ಏನು ಮಾಡುತ್ತಿದ್ದಿರಿ, ಅಮ್ಮನೂ ಕಣ್ಣು ಮುಚ್ಚುವ ಮುಂಚೆ ಇದನ್ನೇ ಹೇಳಿದಳು' ಎಂದು ಬರೆದಿದ್ದೀಯ. ಶನಿವಾರ ನನ್ನ ಸನ್ಮಾನಕ್ಕೆ ಬರುತ್ತೀಯಂತೆ. ಕರೆದರೆ ಅಲ್ಲಿಂದ ಮನೆಗೂ ಬರುತ್ತೀಯಂತೆ. 'ಕರೆದರೆ' ಎನ್ನುವ ಆ ಒಂದು ಪದವನ್ನು ಓದಿ ಓದಿ ಸವೆಸಿದ್ದೇನೆ.

ಮನೆ ಹಾಗೆಯೇ ಇದೆ. ಅಡುಗೆಮನೆಯ ನಲ್ಲಿ ಈಗಲೂ ಸೋರುತ್ತದೆ, ನಾನು ಈಗಲೂ ನಾಳೆ ರಿಪೇರಿ ಮಾಡಿಸುತ್ತೇನೆ. ನಿನ್ನ ಹೊಲಿಗೆ ಮಿಷನ್ನಿನ ಮೇಲೆ ಹಾಸಿದ್ದ ಬಟ್ಟೆಯನ್ನು ನಿನ್ನೆ ಒಗೆದು ಒಣಹಾಕಿದೆ. ರೇಡಿಯೊದಲ್ಲಿ ಹೇಳುತ್ತಿರುವ ಆಟ ಸಪ್ಪೆಯಾದಾಗ ಮೋಡ, ಗಾಳಿ, ಜನರ ಛತ್ರಿ ಎಂದು ಹೊತ್ತು ತಳ್ಳುವುದು ನನ್ನ ಹಳೇ ಚಾಳಿ. ಈಗಲೂ ಅದನ್ನೇ ಮಾಡುತ್ತಿದ್ದೇನೆ ನೋಡು.

ಮದುವೆಯಾದ ಹೊಸತರಲ್ಲಿ ನಿನ್ನನ್ನು ಒಮ್ಮೆ ಸ್ಟುಡಿಯೊಗೆ ಕರೆತಂದಿದ್ದೆ. ನಾನು ಮೈದಾನದಲ್ಲೇ ಕೂತು ಫುಟ್‌ಬಾಲ್ ಆಟ ಹೇಳುತ್ತೇನೆಂದು ಊರೆಲ್ಲ ನಂಬಿತ್ತು. ನೀನು ನೋಡಿದ್ದು ಗೋಡೆಗೆಲ್ಲ ಕಂಬಳಿ ಹೊಡೆದ, ಕಿಟಕಿಯಿಲ್ಲದ ಕೋಣೆ. ಮೈದಾನದಿಂದ ತಂತಿಯಲ್ಲಿ ಬಂದ ಸುದ್ದಿಯನ್ನು ಪಕ್ಕದ ಕೋಣೆಯ ಗುಮಾಸ್ತ ಚೀಟಿಯಲ್ಲಿ ಗೀಚಿ ಕಿಂಡಿಯಿಂದ ತಳ್ಳುತ್ತಿದ್ದ. 'ಎಡಗಡೆ. ಒದೆತ. ಗೋಲ್‌ಕೀಪರ್ ಹಿಡಿದ.' ಅಷ್ಟಕ್ಕೇ ನಾನು ಒದೆತದ ಸದ್ದಿಗೆಂದು ಚರ್ಮದ ಚೀಲಕ್ಕೊಂದು ಗುದ್ದು ಕೊಟ್ಟು, ಜನರ ಗದ್ದಲ ತುಂಬಿದ್ದ ಗ್ರಾಮಫೋನ್ ತಟ್ಟೆಯ ಸದ್ದು ಏರಿಸಿ, ನಾಲ್ಕು ಪದವನ್ನು ನಲವತ್ತು ಮಾಡುತ್ತಿದ್ದೆ. "ಇಷ್ಟೇನಾ ರೀ ನಿಮ್ಮ ಮೈದಾನ?" ಎಂದು ನೀನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು.

ನಿನ್ನ ತಮ್ಮನಿಗೆ ಕೊಕ್ಕರೆ ಎಂದು ಹೆಸರಿಟ್ಟವನು ನಾನೇ. ನಮ್ಮ ಬಾಗಿಲು ಅವನ ತಲೆಗೆ ಪ್ರತಿ ಸಲ ತಾಕುತ್ತಿತ್ತು. ಪ್ರತಿ ಸಲವೂ ಅವನು ಬಾಗಿಲನ್ನೇ ಕ್ಷಮೆ ಕೇಳಿ ಒಳಗೆ ಬರುತ್ತಿದ್ದ. ನಮ್ಮ ಊರಿನ ತಂಡಕ್ಕೆ ಗೋಲ್‌ಕೀಪರ್ ಆದಮೇಲೆ, 'ಭಾವ, ನಾನು ಹಿಡಿದದ್ದನ್ನು ಎರಡರಷ್ಟು ಮಾಡಿ ಹೇಳಿ, ಅಮ್ಮ ಕೇಳುತ್ತಿರುತ್ತಾಳೆ' ಎಂದು ಪೀಡಿಸುತ್ತಿದ್ದ. ನಾನೂ ಹೇಳುತ್ತಿದ್ದೆ.

ಆ ದಿನದ್ದು ನಿನಗೆ ಬರೆಯಬೇಕಾಗಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ. ದೂರದ ಊರಿನಲ್ಲಿ ಫೈನಲ್, ನಮ್ಮವರು ಒಂದು ಗೋಲು ಮುಂದಿದ್ದರು. ಕೊನೆಯ ಹನ್ನೊಂದು ನಿಮಿಷ ತಂತಿ ನಿಂತುಹೋಯಿತು, ನಾನು ಬರೀ ಬಾಯಲ್ಲಿ ಆಟ ನಡೆಸಿದೆ. ಆಮೇಲೆ ನಿಲಯದವರ ವಿಚಾರಣೆಯಲ್ಲಿ ನಾನೂ ಗುಮಾಸ್ತನೂ ಹೇಳಿದ್ದು ಇದನ್ನೇ. ಅಲ್ಲಿ ಮೈದಾನದಲ್ಲಿ ನಿನ್ನ ತಮ್ಮನ ತಲೆಗೆ ಎದುರಾಳಿಯ ಮೊಣಕಾಲು ಬಡಿದು, ಅವನನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದರು. ಇಲ್ಲಿ ನನ್ನ ಬಾಯಲ್ಲಿ ಅವನು ಬಿದ್ದು, ಎದ್ದು, ಜನರಿಗೆ ಕೈ ಬೀಸಿ, ಎರಡು ಗೋಲು ತಪ್ಪಿಸಿದ. ಮೂಲೆಯ ಔಷಧಿ ಅಂಗಡಿಯವರು ತಮಗೆ ಫೋನ್ ಬಂತೆಂದು ಓಡಿ ಬಂದು, ಐದೂವರೆ ರೈಲಿಗೇ ಹೊರಡಿ ಎಂದಾಗ ಅತ್ತೆ ರೇಡಿಯೊ ಕಡೆ ಬೆರಳು ತೋರಿಸಿದರಂತೆ.

"ನಮ್ಮ ಅಳಿಯಂದಿರು ಈಗ್ತಾನೆ ಹೇಳಿದ್ರಲ್ಲ, ಎದ್ದು ಕೈ ಬೀಸ್ದ ಅಂತ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?"

ಆ ರೈಲು ತಪ್ಪಿತು. ಮುಂದಿನದು ಬೆಳಗ್ಗೆ. ನೀವು ತಲುಪುವ ಹೊತ್ತಿಗೆ ಅವನಿರಲಿಲ್ಲ. ನಡುವೆ ಎಚ್ಚರವಾಗಿ ಅಮ್ಮ ಬಂದಳಾ ಎಂದು ಎರಡು ಸಲ ಕೇಳಿದನೆಂದು ನರ್ಸ್ ಹೇಳಿದಳು.

ಅದಾದ ತಿಂಗಳಿಗೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು ನೀನು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. "ಬೇರೆಲ್ಲ ಬಿಡಿ. ಬಿದ್ದ, ಎದ್ದ ಅನ್ನೋದು ನಿಮ್ಮ ಬಾಯಿಗೆ ಯಾಕೆ ಬಂತು?" ಸುಮ್ಮನೆ ಬಂತು ಎಂದೆ. ಇನ್ನು ಆ ಪ್ರಶ್ನೆ ಕೇಳುವುದಿಲ್ಲ ಎಂದು ಕಾರ್ಡಿನ ಕೊನೆಯ ಸಾಲಿನಲ್ಲಿ ಬರೆದಿದ್ದೀಯ. ಓದಿ ಖುಷಿಯಾಗಬೇಕಿತ್ತು, ಆಗಲಿಲ್ಲ.

ಸನ್ಮಾನದ ವಿಷಯ ಕೇಳು. ಶನಿವಾರ ಅದೇ ಹನ್ನೊಂದು ನಿಮಿಷವನ್ನು ವೇದಿಕೆಯ ಮೇಲೆ ನನ್ನಿಂದ ಮತ್ತೆ ಹೇಳಿಸಬೇಕಂತೆ. ಒಂದು ಚೀಟಿಯೂ ಇಲ್ಲದೆ ಆಟ ನಡೆಸಿದವರು ಇನ್ನೊಬ್ಬರಿಲ್ಲ ಎಂದು ಹೊಸ ನಿಲಯಾಧಿಕಾರಿ ಹೊಗಳುತ್ತಾರೆ. ಸತ್ತವನು ನನಗೇನಾಗಬೇಕೆಂದು ಅವರಿಗೆ ಗೊತ್ತಿಲ್ಲ. ನಾನೂ ಒಲ್ಲೆ ಎನ್ನಲಿಲ್ಲ. ಹೊಗಳಿಕೆ ಬಿದ್ದರೆ ಈ ಹಾಳು ಕಿವಿ ಈಗಲೂ ನೆಟ್ಟಗಾಗುತ್ತದೆ.

ಬಾ. ಕರೆದಿದ್ದೇನೆ. ನಲ್ಲಿ ರಿಪೇರಿ ಮಾಡಿಸಿಟ್ಟಿರುತ್ತೇನೆ.

ನಿನ್ನವನೆಂದು ಬರೆಯುವ ಆಸೆ ಬಿಡದ,
ನಿನ್ನ ಬಾಯಿಬಡುಕ

ಅಂಟಿಸಿದ್ದ ಲಕೋಟೆಯನ್ನು ಕಿತ್ತು ಇದನ್ನು ಸೇರಿಸುತ್ತಿದ್ದೇನೆ. ತಂತಿ ನಿಂತಿರಲಿಲ್ಲ. ಜೊತೆಗಿರುವ ಎರಡು ಚೀಟಿ ನೋಡು. ಮೊದಲನೆಯದು, 'ಗೋಲ್‌ಕೀಪರ್ ತಲೆಗೆ ಪೆಟ್ಟು. ಬಿದ್ದ. ಏಳುತ್ತಿಲ್ಲ.' ಬಿದ್ದ ಎಂದು ಹೇಳಿಯಾಗಿತ್ತು. ಅತ್ತೆ ಮತ್ತು ನೀನು ರೇಡಿಯೊ ಮುಂದೆ ಉಸಿರು ಬಿಗಿಹಿಡಿದು ಕೂತಿರುವುದು ಕಣ್ಣಿಗೆ ಕಟ್ಟಿತು. ಮುಂದಿನ ಚೀಟಿಯಲ್ಲಿ ಎದ್ದ ಎಂದೇ ಬರುತ್ತದೆ, ಅರ್ಧ ನಿಮಿಷ ಮುಂಚೆ ಹೇಳಿದರೇನು ಎಂದು ಅವನನ್ನು ಎಬ್ಬಿಸಿದೆ, ಕೈ ಬೀಸಿಸಿದೆ. ಮುಂದಿನ ಚೀಟಿ, 'ಹೊತ್ತು ಒಯ್ದರು.' ಇಡೀ ಊರು ಕೇಳುತ್ತಿರುವಾಗ ನನ್ನ ಮಾತನ್ನು ನಾನೇ ತಪ್ಪೆನ್ನಲು ನಾಚಿಕೆಯಾಯಿತು. ಗುಮಾಸ್ತ ಕಿಂಡಿ ಬಡಿದ. ನಾನು ಗ್ರಾಮಫೋನಿನ ಸದ್ದು ಏರಿಸಿದೆ. ನಿನ್ನ ತಮ್ಮನ ಅಂಗಿ ತೊಟ್ಟು ಗೋಲಿಗೆ ನಿಂತ ಇನ್ನೊಬ್ಬ ಹಿಡಿದದ್ದನ್ನೆಲ್ಲ ನಿನ್ನ ತಮ್ಮನ ಹೆಸರಿಗೇ ಹೇಳಿದೆ. ನನ್ನ ಕೆಲಸ ಉಳಿಸಲೆಂದು ಸುಳ್ಳು ಹೇಳಿದ ಗುಮಾಸ್ತ ಹೋದ ವರ್ಷ ತೀರಿಕೊಂಡ. ಈಗ ಇದು ಗೊತ್ತಿರುವುದು ನನಗೊಬ್ಬನಿಗೆ, ಇನ್ನು ನಿನಗೆ.

ಶನಿವಾರ ಮೈಕಿನ ಮುಂದೆ ಈ ಚೀಟಿಗಳಲ್ಲಿರುವುದನ್ನೇ ಹೇಳಬೇಕೆಂದಿದ್ದೇನೆ. ನನ್ನ ಬಾಯನ್ನು ನಾನು ನಂಬುವುದಿಲ್ಲ, ಅದಕ್ಕೇ ಚೀಟಿಗಳನ್ನು ನಿನಗೆ ಕಳಿಸಿದ್ದೇನೆ. ನಾನು ನಿನ್ನ ತಮ್ಮನನ್ನು ಮತ್ತೆ ಎಬ್ಬಿಸಿದರೆ, ನೀನು ಎದ್ದು ನಿಂತು ಓದು.