ಬೆಟ್ಟದ ರೈಲು, ಬಿಡದ ಮಂಜು

ತಮ್ಮಾ, ನೀನು, ನಿನ್ನ ಮನೆಯವಳು ಕ್ಷೇಮವೇ? ಪುಟ್ಟಿಯ ಕೆಮ್ಮು ಇಳಿಯಿತೇ?

ಕಣ್ಣಿನ ಆಪರೇಷನ್ ಬೇಡವೇ ಬೇಡ ಎನ್ನುವ ನಿನ್ನ ಭಾವನನ್ನು ಇವತ್ತು ಹಳೇ ಬೆಟ್ಟದ ರೈಲು ಹತ್ತಿಸಿದೆ. ಇಲ್ಲಿ ಇಂಜಿನ್ನು ಹಿಂದಿನಿಂದ ನೂಕುತ್ತದೆ. ಅರ್ಧ ದಾರಿಯಲ್ಲಿ ಮಂಜು ಮುಸುಕಿತು. "ಏನೂ ಕಾಣಲ್ವಲ್ಲೇ" ಎಂದರು. "ಯಾರಿಗೂ ಕಾಣ್ತಿಲ್ಲ, ಸುಮ್ನಿರಿ" ಎಂದೆ. ಸುರಂಗ ದಾಟಿದ್ದೇ ಮಂಜು ಸರಿದು, ಉದುರಲಿರುವ ಎಲೆಗಳಿಂದ ಗುಡ್ಡವೆಲ್ಲ ಕೆಂಡ ಹರವಿದಂತೆ ಕಂಡಿತು. ಜನ ಕಿಟಕಿಗೆ ಮುಗಿಬಿದ್ದರು. ಇವರು ಗಾಜು ಒರೆಸುತ್ತ, "ಮಂಜು ಇನ್ನೂ ಬಿಟ್ಟಿಲ್ಲ, ಅಲ್ವೇನೇ?" ಎಂದರು. "ಬಿಟ್ಟಿಲ್ಲ" ಎಂದುಬಿಟ್ಟೆ.

ಈಗ ಆಪರೇಷನ್ ಮಾತೆತ್ತಲು ನನಗೆ ಬಾಯಿ ಬರುತ್ತಿಲ್ಲ. ತಡವಾದರೆ ಇರುವ ನೋಟವೂ ಹೋಗುತ್ತದೆಂದು ಡಾಕ್ಟರು ಹೇಳಿದ್ದಾರೆ. ನೀನು ಹೇಳಿದರೆ ಕೇಳಿಯಾರು. ಬೇಗ ಕಾಗದ ಬರೆ, ಅವರ ಹೆಸರಿಗೇ ಬರೆ. ಹೇಗೂ ನಾನೇ ಓದಿ ಹೇಳಬೇಕು.

ನಿನ್ನ ಅಕ್ಕ