ಕೆಂಪು ದಾರ ಬಿಚ್ಚಬಾರದ ಕಚೇರಿಯಿಂದ

ಚಿತ್ರದುರ್ಗ, ಶ್ರಾವಣದ ನಲವತ್ತೊಂದನೆಯ ದಿನ, 2191

ನೂರೈವತ್ತು ವರ್ಷಕ್ಕೂ ಹಿಂದೆ ಬದುಕಿರುವ ಹಿರಿಯರಿಗೆ,

ಶ್ರಾವಣಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ಮೊದಲ ಸಾಲಿನಲ್ಲೇ ನಿಂತುಬಿಡಬೇಡಿ. ಮಳೆ ಬೀಳುವವರೆಗೆ ತಿಂಗಳನ್ನು ಮುಗಿಸದೆ ಎಳೆಯುವುದು ನಮ್ಮಲ್ಲಿ ರೂಢಿಯಾಗಿದೆ. ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಇಂಥ ಪತ್ರವನ್ನು ನಾವು ಹಿಂಬರಹ ಎನ್ನುತ್ತೇವೆ. ಹಿಂದಿನವರಿಗೆ ಬರೆಯಲು ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಅವಕಾಶ. ಹೆಚ್ಚಿನವರು ತೀರಿಹೋದ ಅಜ್ಜಿಗೆ ಬರೆಯುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹೋದ ವಾರದಿಂದ ನನಗೆ ಊಟ ಸೇರುತ್ತಿಲ್ಲ. ಇಂಥ ಹೇಸಿಗೆಯನ್ನು ಅಜ್ಜಿಗೆ ಕಳಿಸಲು ಮನಸ್ಸು ಬರಲಿಲ್ಲ.

ಸಮುದ್ರ ಮೇಲೇರಿದ ಮೇಲೆ ಕರಾವಳಿಯವರು ಘಟ್ಟ ಹತ್ತಿ ನಮ್ಮ ಬಯಲಿಗೆ ಬಂದರು. ಈಗ ಕೆಳಗೊಂದು ಆಡಳಿತ, ಮೇಲೊಂದು ಆಡಳಿತ. ನಡುವೆ ಗಡಿಬಾಗಿಲು. ಭಾಷೆ ಒಂದೇ ಆದರೂ ಅವರು ನಮಗೆ ಪರದೇಶದವರು. ಇಲ್ಲಿ ಇರಲು ಅವರಿಗೆ ನೆಲೆಚೀಟಿ ಬೇಕು, ಏಳು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಪಡೆಯಬೇಕು. ಹಿಂಸೆಯ ಅಪರಾಧದಲ್ಲಿ ಒಮ್ಮೆ ಶಿಕ್ಷೆಯಾಗಿದ್ದರೂ ಚೀಟಿ ರದ್ದು. ಅಂಥವರನ್ನು ಕೆಳಗೆ ಇಳಿಸುತ್ತಾರೆ, ಬಾಗಿಲು ಅವರಿಗೆ ಮತ್ತೆ ತೆರೆಯುವುದಿಲ್ಲ. ಯಾವ ಅಪರಾಧ ಹಿಂಸೆ, ಯಾವುದು ಅಲ್ಲ ಎಂದು ಹೇಳುವುದು ನನ್ನ ಕೆಲಸ. ನನ್ನ ಹುದ್ದೆಯ ಹೆಸರು ಪದತೂಕಿ. ಸಾಹಿತ್ಯ ಓದಿದವರಿಗೆ ಇಲ್ಲಿ ಸಿಗುವ ಕೆಲಸ ಇದೊಂದೇ. ನಾಲ್ಕು ಜನರ ಮುಂದೆ ಬಾಯಿ ಬಿಡಲಾರದ ನನ್ನಂಥವಳಿಗೆ ಹೇಳಿ ಮಾಡಿಸಿದ್ದು ಎಂದು ಮನೆಯಲ್ಲೂ ಸಂತೋಷಪಟ್ಟರು.

ಪ್ರತಿ ಕಡತಕ್ಕೂ ಎರಡು ಭಾಗ. ಮೇಲಿನದರಲ್ಲಿ ಶಿಕ್ಷೆ ಯಾವ ಕಲಮಿನಡಿ ಆಯಿತು ಎಂದಿರುತ್ತದೆ. ಕೆಳಗಿನದರಲ್ಲಿ ನಿಜಕ್ಕೂ ಏನು ನಡೆಯಿತು ಎಂದಿರುತ್ತದೆ. ಅದಕ್ಕೆ ಕೆಂಪು ದಾರ ಸುತ್ತಿರುತ್ತಾರೆ, ಪದತೂಕಿ ಅದನ್ನು ಬಿಚ್ಚುವಂತಿಲ್ಲ. ಆ ಕಲಮಿನಡಿ ಶಿಕ್ಷೆಯಾಗಬಹುದಾದ ಅತ್ಯಂತ ಹಗುರವಾದ ಕೆಲಸ ಯಾವುದು ಎಂದು ಊಹಿಸಬೇಕು, ಅಷ್ಟೇ. ಆ ಹಗುರ ಕೆಲಸದಲ್ಲೂ ಬಲಪ್ರಯೋಗವಿದ್ದರೆ ಹಿಂಸೆ. ಇಲ್ಲದಿದ್ದರೆ ಅಲ್ಲ. ಮುಂದೆ ನಿಂತ ಮನುಷ್ಯನ ಕೈ ಏನು ಮಾಡಿತ್ತು ಎಂಬುದು ನಮಗೆ ಬೇಡ.

ಸೇರಿದ ಹೊಸತರಲ್ಲಿ ನಾನು ಇದನ್ನು ಪ್ರಶ್ನಿಸಿದ್ದೆ. ನಮ್ಮ ಮೇಲಧಿಕಾರಿ ತಿಪ್ಪೇರುದ್ರಪ್ಪನವರು ಮಜ್ಜಿಗೆ ಲೋಟ ಕೆಳಗಿಟ್ಟು ನಕ್ಕರು. "ಕಥೆ ಓದಾಕೆ ಕಾಲೇಜಿತ್ತಲ್ಲಮ್ಮ ಪಾಲಾಕ್ಷಿ, ಅದು ಮುಗೀತು. ಇವತ್ತು ನಿಂಗೆ ಕನಿಕರ ಬಂತು ಅಂತ ಒಬ್ಬಳನ್ನ ಬಿಡ್ತೀಯ. ನಾಳೆ ನಿನ್ನ ಕುರ್ಚೀಲಿ ಕುಂತೋನು ಸಿಟ್ಟು ಬಂತು ಅಂತ ಹತ್ತು ಜನಾನ ಓಡಿಸ್ತಾನೆ. ದಾರ ಇರೋದು ಅದಕ್ಕೆ." ಮಾತು ನ್ಯಾಯವೆನಿಸಿತು. ಇವತ್ತಿಗೂ ಅದನ್ನು ಪೂರ್ತಿ ತಳ್ಳಿಹಾಕಲಾರೆ. ನನಗೆ ಹೇಸಿಗೆ ಹುಟ್ಟಿಸುವುದು ಅದೇ.

ಹೋದ ವಾರ ಒಂದೇ ಬೆಳಿಗ್ಗೆ ನನ್ನ ಮೇಜಿಗೆ ಚೀಟಿ ಹೊಸದು ಮಾಡಿಸುವ ಎರಡು ಕಡತ ಬಂದವು.

ಒಂದು ರುಕ್ಕು ಖಾರ್ವಿ ಎಂಬಾಕೆಯದು. ಗಂಗೊಳ್ಳಿ ಕಡೆಯವರು, ನಮ್ಮ ಕಚೇರಿಯ ಹಿಂದೆ ಇಡ್ಲಿ ಬೇಯಿಸಿ ಮಾರುತ್ತಿದ್ದರು. ನಾನು ದಿನವೂ ಅಲ್ಲೇ ತಿನ್ನುತ್ತಿದ್ದೆ. ನಾಚಿಕೆಯಿಂದ ಎರಡನೇ ಸಲ ಚಟ್ನಿ ಕೇಳದ ನನ್ನನ್ನು ನೋಡಿ, "ಬಾಯ್ ಮನೇಲ್ ಇಟ್ಟ್ ಬಂದ್ಯಾ ಮಗಾ?" ಎಂದು ಅವರೇ ಬಡಿಸುತ್ತಿದ್ದರು. ಅವರ ಕಥೆ ಬೀದಿಗೆಲ್ಲ ಗೊತ್ತು. ಆರು ವರ್ಷದ ಹಿಂದೆ ನೀರುಕಟ್ಟೆಯ ಸಾಲಿನಲ್ಲಿ ಕಾವಲುಗಾರನೊಬ್ಬ ಅವರ ಕೊಡಪಾನ ಕಿತ್ತುಕೊಂಡ. ಅವರು ವಾಪಸು ಎಳೆದುಕೊಂಡರು, ಕೊಡದ ಕಂಠ ಅವನ ಮಣಿಕಟ್ಟಿಗೆ ತಾಗಿತು. ಗಾಯವೂ ಆಗಲಿಲ್ಲ, ಆದರೆ ಮೊಕದ್ದಮೆ ಆಯಿತು. ನ್ಯಾಯಾಧೀಶರು ಏನು ಹೇಳುತ್ತೀಯಮ್ಮಾ ಎಂದು ಕೇಳಿದಾಗ ರುಕ್ಕಕ್ಕ, "ನಂದೇ ತಪ್ಪ್" ಎಂದರು.

ಅದು ದೋಣಿಯವರ ಪದ್ಧತಿ. ನಡುನೀರಿನಲ್ಲಿ ಜಗಳ ಬೆಳೆಸಿದರೆ ಎಲ್ಲರೂ ಮುಳುಗುತ್ತಾರೆ. ಆದ್ದರಿಂದ ತಪ್ಪು ಯಾರದೇ ಇರಲಿ, ಇಬ್ಬರಲ್ಲಿ ಹಿರಿಯರು ಆ ಮಾತು ಹೇಳುತ್ತಾರೆ. ಹೇಳಿದ ಮೇಲೆ ಎದುರಿನವರು ಜಗಳ ಮರೆಯಲೇಬೇಕು, ಮತ್ತೆ ಎತ್ತಿದರೆ ಅವರಿಗೇ ಅವಮಾನ. ಕಾವಲುಗಾರ ಹುಡುಗುವಯಸ್ಸಿನವನು, ರುಕ್ಕಕ್ಕ ಹಿರಿಯರಾಗಿ ಆ ಮಾತು ಆಡಿದರು. ಗುಮಾಸ್ತ ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡ. ಸಂಜೆಯವರೆಗೆ ನ್ಯಾಯಾಲಯದಲ್ಲಿ ಕೂತಿರುವುದೇ ಶಿಕ್ಷೆ. ಅಲ್ಲಿಗೆ ಮುಗಿಯಿತು ಎಂದುಕೊಂಡು ಮನೆಗೆ ಹೋದರು. ಕಲಮು ಮಾತ್ರ ಉಳಿಯಿತು: ಸರಕಾರಿ ನೌಕರನ ಮೇಲೆ ಬಲಪ್ರಯೋಗ.

ಇನ್ನೊಂದು ಕಡತ ಮಹಾಬಲ ಎಂಬವನದು. ಒನಕೆಯಿಂದ ಹೆಂಡತಿಯ ತೋಳು ಮುರಿದವನು, ಅದೂ ಊರಿಗೆಲ್ಲ ಗೊತ್ತು. ಆಕೆ ಇಂದಿಗೂ ಎಡಗೈಯಲ್ಲೇ ಉಣ್ಣುತ್ತಾಳೆ. ಅವನ ವಕೀಲ ಜಾಣ. ಸರಕಾರದವರ ಜೊತೆ ಮಾತಾಡಿ, ಸಾರ್ವಜನಿಕ ಶಾಂತಿಗೆ ಭಂಗ ಎಂಬ ಕಲಮಿಗೆ ಒಪ್ಪಿಸಿದ್ದ. ಬೀದಿಯಲ್ಲಿ ಕೂಗಾಡಿದವರಿಗೂ ಅದೇ ಕಲಮು. ಹಾಗಾಗಿ ಅದರ ಅತ್ಯಂತ ಹಗುರ ಕೆಲಸ ಕೂಗಾಟ, ಕೂಗಾಟದಲ್ಲಿ ಬಲಪ್ರಯೋಗವಿಲ್ಲ. ಹಿಂಸೆ ಅಲ್ಲ ಎಂದು ನಾನೇ ಬರೆದೆ. ಅವನು ನನ್ನ ಮೇಜಿಗೆ ಬಾಗಿ ಚೀಟಿ ತೆಗೆದುಕೊಂಡ. ಅವನ ಅಂಗಿಯಿಂದ ಒಳ್ಳೆಯ ಸಾಬೂನಿನ ವಾಸನೆ ಬರುತ್ತಿತ್ತು. "ತುಂಬ ಉಪಕಾರ ಆಯ್ತ್ ತಂಗೀ, ನಿಮ್ಮಂಥ ಓದಿದವ್ರ್ ಇರ್ಬೇಕ್" ಎಂದ. ಅವನು ಹೋದ ಮೇಲೆ ಮೇಜಿನ ಆ ಅಂಚನ್ನು ಒರೆಸಿದೆ.

ಆಮೇಲೆ ರುಕ್ಕಕ್ಕನ ಕಡತ. ಯಾರ ಮೇಲೂ ಬಲ ಪ್ರಯೋಗಿಸದೆ ಆ ಕಲಮಿನಡಿ ಶಿಕ್ಷೆಯಾಗುವ ಒಂದೇ ಒಂದು ಹಗುರ ಕೆಲಸವನ್ನಾದರೂ ಊಹಿಸಲು ಮಧ್ಯಾಹ್ನದವರೆಗೆ ಒದ್ದಾಡಿದೆ. ಒಂದೂ ಹೊಳೆಯಲಿಲ್ಲ. ದಾರದ ಗಂಟಿಗೆ ಬೆರಳಿಟ್ಟೆ. ತಿಪ್ಪೇರುದ್ರಪ್ಪನವರು ತಲೆ ಎತ್ತದೆ, "ಬೇಡಮ್ಮ" ಎಂದರು. ಎದ್ದು ನಿಂತು ನಾಲ್ಕು ಮಾತು ಆಡಬೇಕಿತ್ತು. ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂಬ ಹಳೆಯ ಭಯಕ್ಕೆ ಕೂತೇ ಇದ್ದೆ. ಬೆರಳು ತೆಗೆದೆ. ಹಿಂಸೆ ಎಂದು ಬರೆದೆ. ನನ್ನ ಅಕ್ಷರ ಯಾವಾಗಿನಂತೆ ದುಂಡಗೇ ಬಂತು.

ರುಕ್ಕಕ್ಕನ ಮಗಳು ವಸಂತಿಗೆ ಹನ್ನೊಂದು ವರ್ಷ, ಇಲ್ಲೇ ಹುಟ್ಟಿದವಳು. ಮೇಲೆ ಹುಟ್ಟಿದ ಮಕ್ಕಳನ್ನು ಕೆಳಗೆ ಕಳಿಸುವಂತಿಲ್ಲ. ಅದನ್ನು ನಮ್ಮವರು ಕರುಣೆ ಎನ್ನುತ್ತಾರೆ. ಮೂರನೇ ದಿನ ಬೆಳಿಗ್ಗೆ ಇಳಿಗಾಡಿ ಹೊರಡುವ ಹೊತ್ತಿಗೆ ನಾನು ಹೋದೆ. ತಾಯಿ ಮಗಳ ಜಡೆ ಹೆಣೆಯುತ್ತಿದ್ದರು. ಬಿಗಿಯಾಗಿ, ಬಹಳ ದಿನ ಬಿಚ್ಚದಂತೆ. ಪಕ್ಕದಲ್ಲಿ ಅನಾಥಾಲಯದ ಹೆಂಗಸು ಕಾಯುತ್ತಾ ನಿಂತಿದ್ದಳು. ನಾನು ಹತ್ತಿರ ಹೋಗಿ ಹೇಗೋ ಬಾಯಿ ತೆರೆದು, "ನನ್ನದೇ ತಪ್ಪು, ರುಕ್ಕಕ್ಕ" ಎಂದೆ.

ಅವರು ಜಡೆ ಬಿಟ್ಟು, ಎಣ್ಣೆಗೈಯಿಂದ ನನ್ನ ಬಾಯಿ ಮುಚ್ಚಿದರು. "ಶ್! ಆ ಮಾತ್ ಇಲ್ಲ್ ಆಡ್ಬೇಡ ಮಗಾ. ಬರ್ಕಂತ್ರ್."

ಹಿರಿಯರೇ, ಕೆಂಪು ದಾರ ಇನ್ನೂ ಯಾರಿಗೂ ಹೊಳೆಯದ ಕಾಲದಲ್ಲಿ ನೀವಿದ್ದೀರಿ. ಯಾರನ್ನು ಹೊರಗೆ ಹಾಕಬೇಕು ಎಂಬ ಪಟ್ಟಿ ನಿಮ್ಮ ಮುಂದೆ ಬಂದಾಗ, ಏನು ನಡೆಯಿತು ಎಂದು ಕೇಳುವ ಒಂದು ಸಾಲನ್ನು ಅದರಲ್ಲಿ ಸೇರಿಸಿ. ಕೇಳಿದವರು ತಪ್ಪಾಗಿ ಕೇಳಬಹುದು, ಅದೂ ನನಗೆ ಗೊತ್ತು. ಆದರೂ ಕೇಳಲಿ.

ನನ್ನ ಒಂದೇ ಹಿಂಬರಹ ಇಲ್ಲಿಗೆ ಮುಗಿಯಿತು. ರುಕ್ಕಕ್ಕ ಆಡಲು ಬಿಡದ ಮಾತನ್ನು ನಾನೇ ಬರೆದು ನಿಮ್ಮ ಕೈಗೆ ಕೊಡುತ್ತಿದ್ದೇನೆ. ತಪ್ಪು ನನ್ನದು. ಇದನ್ನು ದೋಣಿಯವರಂತೆ ಮರೆಯಬೇಡಿ.

ಪಾಲಾಕ್ಷಿ
ಪದತೂಕಿ