ಬೋರ್ಡಿಗೆ ಹೇಳಿದ ಪಾಠ

ರುಂಫಿ,
ಜೂನ್ ೯, ಶನಿವಾರ

ಜೋಹಾನ್ಸ್‌ಬರ್ಗಿನ ಚಳಿಯಲ್ಲಿ ದುಡಿಯುತ್ತಿರುವ ನನ್ನ ಅಕ್ಕನಿಗೆ,

ನಿನ್ನ ಮೊಣಕೈ ನೋವು ಹೇಗಿದೆ? ಕಾರ್ಪೆಟ್ ಒಗೆಯುವ ಕೆಲಸವನ್ನು ಆ ಮನೆಯೊಡತಿ ಇನ್ನೂ ನಿನ್ನ ತಲೆಗೇ ಕಟ್ಟುತ್ತಿದ್ದಾಳಾ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ನನ್ನನ್ನು ದಿನವೂ ಬೈಯುವಷ್ಟು ಚೆನ್ನಾಗಿ. ನಿನ್ನ ಮಗಳು ವೇಜಿ ಉದ್ದವಾಗಿದ್ದಾಳೆ, ನೀನು ಕಳಿಸಿದ ಷೂ ಆಗಲೇ ಬಿಗಿ. ಫೋನಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲವೆಂದು ಹೋದ ವಾರ ನೀನು ಅತ್ತೆ. "ಬಿಟ್ಟು ಬಂದೆ ಅಂತ ಮುನಿಸ್ಕೊಂಡಿದಾಳಾ, ಟೆಮ್ವಾ? ನನ್ನ ಮರೆತೇಬಿಟ್ಲಾ?" ಅಂದೆ. ಅದಕ್ಕೇ ಈ ಕಾಗದ. ನಿಮ್ಮೂರಿಗೆ ಬರುವ ಬಸ್ಸಿನ ಡ್ರೈವರ್ ಮಧ್ಯಾಹ್ನ ಹೊರಡುತ್ತಾನೆ, ಅವನ ಕೈಯಲ್ಲಿ ಕಡಲೆಕಾಯಿ, ಒಣಗಿಸಿದ ಉಸಿಪಾ ಮೀನು ಕಳಿಸುತ್ತಿದ್ದೇನೆ. ವೇಜಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಹೊಟ್ಟೆಯುರಿ ಕೇಳು, ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಟೀಚರ್ ಟ್ರೈನಿಂಗಿನವರು ಪಾಠದ ಅಭ್ಯಾಸಕ್ಕೆ ನಮ್ಮೂರ ಶಾಲೆಗೇ ನನ್ನನ್ನು ಹಾಕಿದರೆಂದು ಕುಣಿದಾಡಿದ್ದೆನಲ್ಲ, ಜೊತೆಗೆ ಲುಸುಂಗು ಎಂಬವಳನ್ನೂ ಹಾಕಿದ್ದಾರೆ. ಇಬ್ಬರಿಗೂ ಸೇರಿ ಒಂದೇ ತರಗತಿ, ಅದೂ ನಮ್ಮ ವೇಜಿ ಕೂರುವ ಎರಡನೇ ತರಗತಿ. ಒಬ್ಬಳು ಪಾಠ ಮಾಡುವಾಗ ಇನ್ನೊಬ್ಬಳು ಹಿಂದೆ ಕೂತು ನೋಡಬೇಕು. ಆಮೇಲೆ ಮಾವಿನ ಮರದ ಕೆಳಗೆ ಕೂತು ಮೆಚ್ಚಿದ್ದು ಎರಡು, ತಿದ್ದಿಕೊಳ್ಳಬೇಕಾದ್ದು ಒಂದು ಹೇಳಬೇಕು. ಬೋರ್ಡಿನ ಮೇಲೆ ನನ್ನ ಅಕ್ಷರ ಎಷ್ಟು ಚೆಂದವೆಂದು ನಿನಗೆ ಗೊತ್ತು. ಅವಳದು ಕೋಳಿ ಕೆದರಿದ ಹಾಗೆ. ಅಂಥವಳು ನನಗೆ ಹೇಳುತ್ತಾಳೆ, "ಅಕ್ಷರ ಮುತ್ತಿನ ಹಾಗಿದೆ ಕಣೇ. ಆದ್ರೆ ಬರೀತಾ ಬರೀತಾನೇ ಮಾತಾಡ್ತೀಯಲ್ಲ, ಪಾಠ ಹೇಳ್ತಿರೋದು ಬೋರ್ಡಿಗೋ ಮಕ್ಕಳಿಗೋ?" ನಾನು ನಕ್ಕೆ. ಒಳಗೆ ಮಾತ್ರ ಕೆಂಡ.

ಇಷ್ಟಕ್ಕೇ ಮುಗಿದಿದ್ದರೆ ಸಹಿಸುತ್ತಿದ್ದೆ. ಸರಿಯುತ್ತರ ಹೇಳಿದ ಮಗುವಿಗೆ ಇಡೀ ತರಗತಿ ಚಪ್ಪಾಳೆ ತಟ್ಟುವುದು ನೆನಪಿದೆಯಾ? ನನ್ನ ಪಾಠದಲ್ಲಿ ವೇಜಿಗೆ ಆ ಚಪ್ಪಾಳೆ ಒಮ್ಮೆಯೂ ಬಿದ್ದಿರಲಿಲ್ಲ. ಎಲ್ಲರೂ ಒಟ್ಟಿಗೆ ಹೇಳುವಾಗ ತಾನೂ ಬಾಯಿ ಆಡಿಸುತ್ತಾಳೆ, ಅಷ್ಟೇ. ಲುಸುಂಗು ಕೇಳಿದರೆ ಎದ್ದು ನಿಂತು ಟಪಟಪ ಉತ್ತರ ಹೇಳುತ್ತಾಳೆ. ನನ್ನ ಅಕ್ಕನ ಮಗಳು, ನನ್ನ ಮಗ್ಗುಲಲ್ಲಿ ಮಲಗುವ ಮಗು, ಮನೆಗೆ ಬರುವಾಗ ಲುಸುಂಗುವಿನ ಬೆರಳು ಹಿಡಿದುಕೊಂಡು ಬಂದಳು. ಎಣ್ಣೆಯಲ್ಲಿ ಕರಿದ ಮಂದಾಸಿ ಉಂಡೆ ತಿನ್ನಿಸಿ ಮಗುವನ್ನು ಬಲೆಗೆ ಹಾಕಿಕೊಂಡಿದ್ದಾಳೆಂದು ಅಮ್ಮನ ಹತ್ತಿರ ದೂರಿದೆ. ಅಮ್ಮ, "ಅವಳೇನೋ ತಿನ್ನಿಸಿ ಕರ್ಕೊಂಡ್ಲು. ನಾನು ಅಂಗಳದಿಂದ ಗಂಟಲು ಹರಿಯೋ ಹಂಗೆ ಕರೆದ್ರೂ ತಿರುಗಿ ನೋಡಲ್ಲ. ಥೇಟ್ ಅವರಮ್ಮನ ಹಠ," ಅಂದಳು.

ಅವಳ ಪಾಠ ನೋಡುವ ನನ್ನ ಸರದಿ ಬಂದಾಗ ತಪ್ಪು ಹುಡುಕಲೆಂದೇ ಹಿಂದೆ ಕೂತೆ. ಸಿಕ್ಕಿತು. ಬೋರ್ಡಿನ ಮೇಲೆ ಬರೆಯುವಷ್ಟು ಹೊತ್ತೂ ಅವಳು ಮಾತಾಡುವುದಿಲ್ಲ. ಬರೆದು, ಸೀಮೆಸುಣ್ಣ ಇಟ್ಟು, ಮಕ್ಕಳ ಕಡೆ ತಿರುಗಿದ ಮೇಲೆಯೇ ಬಾಯಿ ತೆರೆಯುತ್ತಾಳೆ. ಮರದ ಕೆಳಗೆ ಕೂತು, ಇದು ಹೊತ್ತು ಹಾಳುಮಾಡುವ ಕೆಲಸ ಎಂದೆ. ಅವಳು ಸಿಟ್ಟಾಗಲಿಲ್ಲ. "ಬೇಕಂತಲೇ ಮಾಡೋದು ಕಣೇ. ನಾಳೆ ನೀನೂ ಹಾಗೇ ಮಾಡು, ಮಾಡಿ ವೇಜಿ ಎಲ್ಲಿ ನೋಡ್ತಾಳೆ ಅಂತ ನೋಡು," ಅಂದಳು. ಅದರಿಂದ ಏನೂ ಆಗುವುದಿಲ್ಲವೆಂದು ತೋರಿಸಬೇಕೆಂಬ ಹಟಕ್ಕೇ ಮಾಡಿದೆ. ತಿರುಗಿ ನಿಂತು ಪ್ರಶ್ನೆ ಕೇಳಿದರೆ ವೇಜಿ ನನ್ನ ತುಟಿಯನ್ನೇ ನೋಡುತ್ತಿದ್ದಳು, ಆಮೇಲೆ ಕೈ ಎತ್ತಿದಳು. ಚಪ್ಪಾಳೆ ಬಿತ್ತು, ಅಕ್ಕಾ, ನನ್ನ ಪಾಠದಲ್ಲಿ. ಖುಷಿಯಾಯಿತು ನಿಜ. ಆದರೆ ಉಪಾಯ ಅವಳದಾಯಿತಲ್ಲ ಎಂಬ ಉರಿ ಇನ್ನೂ ಆರಿಲ್ಲ.

ಅಮ್ಮ ನಿನ್ನ ಹೆಸರು ಹೇಳಿ ದಿನವೂ ಪ್ರಾರ್ಥನೆ ಮಾಡುತ್ತಾಳೆ. ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು.

ನಿನ್ನ ಹೊಟ್ಟೆಕಿಚ್ಚಿನ ತಂಗಿ,
ಟೆಮ್ವಾ

ಮರೆತದ್ದು: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಬರೆಯಲು ಕೂತದ್ದು ಇದಕ್ಕೇ, ಕೈ ಬರದೆ ಕೊನೆಗೆ ತಳ್ಳಿದೆ. ವೇಜಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಇಷ್ಟು ದಿನ ನಮ್ಮ ಬಾಯಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳು. ಫೋನಿನಲ್ಲಿ ನಿನ್ನ ಬಾಯಿ ಎಲ್ಲಿ ಕಾಣಬೇಕು? ಅವಳು ಮುನಿದಿಲ್ಲ, ಮರೆತೂ ಇಲ್ಲ. ಕಂಡುಹಿಡಿದದ್ದು ಲುಸುಂಗು, ಅವಳ ತಮ್ಮನೂ ಹೀಗೇ ಅಂತೆ. ಸೋಮವಾರ ಅವಳೂ ನಾನೂ ಸೇರಿ ಮಗುವನ್ನು ಮ್ಜುಜುವಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ನೀನು ರಜೆಗೆ ಬಂದಾಗ ಬಸ್ಸಿಳಿದು ಹಿಂದಿನಿಂದ ಅವಳನ್ನು ಕೂಗಬೇಡ, ತಿರುಗಲಿಲ್ಲವೆಂದು ಅಳಲೂ ಬೇಡ. ಅವಳ ಎದುರಿಗೆ ಬಂದು ಕೂತುಕೋ, ಮುಖ ತೋರಿಸು, ಆಮೇಲೆ ಕರೆ.